ನಾವು ಹೋದದ್ದು ಕಡಲಿಗೆ

ನನ್ನ ತಂಗಿಯ ಗಂಡ ತೀರಿಕೊಂಡು ವರ್ಷವಾಗುತ್ತಾ ಬಂತು. ಈಗಲೂ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ, ವಿಷಯ ತಡವಾಗಿ ಗೊತ್ತಾದವರು ಯಾರಾದರೂ ಸಿಕ್ಕಿದರೆ, ನನ್ನ ಕೈ ಹಿಡಿದುಕೊಂಡು ಕೇಳುವುದು ಒಂದೇ ಪ್ರಶ್ನೆ: "ಕಡಲಿನಲ್ಲಿಯಾ?"

ಅಲ್ಲ, ಎನ್ನುತ್ತೇನೆ. ಹೃದಯಾಘಾತ. ಚಾರ್ಮಾಡಿ ದಾರಿಯ ಒಂದು ಮನೆಯಲ್ಲಿ, ಬಾವಿಯ ಪಂಪು ರಿಪೇರಿ ಮಾಡುತ್ತಿದ್ದಾಗ. ಆಗ ಅವರ ಮುಖದಲ್ಲಿ ಒಂದು ಗೊಂದಲ ಕಾಣಿಸುತ್ತದೆ, ನಾನೇ ಏನೋ ತಪ್ಪು ಹೇಳುತ್ತಿದ್ದೇನೆ ಎಂಬಂತೆ. ನಲವತ್ತೊಂದು ವರ್ಷದ ಗಟ್ಟಿ ಆಳು, ವಾರಕ್ಕೊಮ್ಮೆ ಅಲೆಯ ಮೇಲೆ ನಿಂತು ಬರುತ್ತಿದ್ದ ಮನುಷ್ಯ, ಹೋದರೆ ಕಡಲಿನಲ್ಲಿಯೇ ಹೋಗಬೇಕಿತ್ತು ಎಂದು ಎಲ್ಲರೂ ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿದ್ದಾರೆ. ಮೊದಮೊದಲು ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಒಬ್ಬರಿಗಂತೂ, "ನಿಮಗೆ ಸಮಾಧಾನ ಆಗುವುದಾದರೆ ಕಡಲು ಅಂತಲೇ ಇಟ್ಟುಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಹಾಗೆ ಹೇಳುವ ಅಧಿಕಾರ ನನಗೆ ಇರಲಿಲ್ಲ. ಆ ತಪ್ಪನ್ನು ಎಲ್ಲರಿಗಿಂತ ಮೊದಲು ಮಾಡಿದವನು ನಾನು.

ಭಾವ ಹುಟ್ಟಿ ಬೆಳೆದದ್ದು ಬಂಟ್ವಾಳದಲ್ಲಿ. ಬಿ.ಸಿ.ರೋಡಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದರು; ಮಾರುವುದಕ್ಕಿಂತ ರಿಪೇರಿಯೇ ಜಾಸ್ತಿ. ಮದುವೆಗೆ ಮೊದಲು ಜಾತಕ ನೋಡಿದ ಜೋಯಿಸರು, ಎಲ್ಲ ಕೂಡಿ ಬರುತ್ತದೆ, ಹುಡುಗನಿಗೆ ನೀರಿನಿಂದ ಒಂದು ಗಂಡಾಂತರ ಉಂಟು, ಅಷ್ಟೇ ಎಂದಿದ್ದರು. ಆ 'ಅಷ್ಟೇ' ನಮ್ಮ ಅಮ್ಮನ ನಾಲ್ಕು ದಿನದ ಊಟ ಕಸಿದುಕೊಂಡಿತು. ಕೊನೆಗೆ ಅಮ್ಮ ಒಪ್ಪಿದ್ದು, ನೇತ್ರಾವತಿಗೆ ಇಳಿಯದೆ ಇದ್ದರೆ ಆಯಿತಲ್ಲ ಎಂಬ ಧೈರ್ಯದಲ್ಲಿ. ಕಡಲಿನ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಬಂಟ್ವಾಳದ ಪಂಪಿನ ಅಂಗಡಿಯವನಿಗೂ ಕಡಲಿಗೂ ಏನು ಸಂಬಂಧ?

ಮದುವೆಯಾದ ಮರುವರ್ಷ ಮೂಲ್ಕಿಯ ಕಡೆ, ಹೊಳೆ ಕಡಲನ್ನು ಸೇರುವ ಅಳಿವೆಯ ಹತ್ತಿರ, ಯಾರದೋ ಹೋಂಸ್ಟೇಗೆ ಪಂಪು ಕೂರಿಸಲು ಹೋದವರು ಸಂಜೆಯಾದರೂ ಬರಲಿಲ್ಲ. ಅಲ್ಲಿ ನಾಲ್ಕೈದು ಮಂದಿ ಯುವಕರು ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರಿ ಬರುವುದನ್ನು ನೋಡುತ್ತಾ ನಿಂತುಬಿಟ್ಟಿದ್ದರಂತೆ. ಮುಂದಿನ ಭಾನುವಾರ ಮತ್ತೆ ಹೋದರು. ಅದರ ಮುಂದಿನ ಭಾನುವಾರವೂ ಹೋದರು. ಮೂರು ತಿಂಗಳಾಗುವಾಗ ಜೀಪಿನ ಮೇಲೆ ಸ್ವಂತದ್ದೊಂದು ಸರ್ಫಿಂಗ್ ಬೋರ್ಡ್ ಕಟ್ಟಿಕೊಂಡು ಮನೆಗೆ ಬಂದರು. ಅಮ್ಮ ಅದನ್ನು ಕಂಡು ಒಳಗೆ ಹೋಗಿ ಮಲಗಿದಳು.

ಆಮೇಲೆ ಮಕ್ಕಳ ಶಾಲೆಗೆಂದು ಅವರು ಮೂಡುಬಿದಿರೆಗೆ ಬಂದು, ನನ್ನ ಮನೆಯಿಂದ ಐದು ನಿಮಿಷ ನಡೆದರೆ ಸಿಗುವಲ್ಲಿ ಮನೆ ಮಾಡಿದರು. ಭಾನುವಾರ ಬೆಳಗ್ಗೆ ಜೀಪು ಬೋರ್ಡ್ ಹೊತ್ತುಕೊಂಡು ಪೇಟೆ ದಾಟುವಾಗ ಹೋಟೆಲಿನ ಬಾಗಿಲಲ್ಲಿ ನಿಂತವರು, "ಎಂತ ಭಾವ, ಇಸ್ತ್ರಿ ಮೇಜು ಹೊತ್ಕೊಂಡು ಎಲ್ಲಿಗೆ?" ಎಂದು ತಮಾಷೆ ಮಾಡುತ್ತಿದ್ದರು. "ಕಡಲಿನ ಸುಕ್ಕು ತೆಗೀಲಿಕ್ಕೆ ಉಂಟು ಮಾರಾಯ" ಎನ್ನುತ್ತಿದ್ದರು ಭಾವ. ನನ್ನ ಭಾವ ಇಡೀ ಪೇಟೆಗೇ ಭಾವ ಆದದ್ದು ಹೀಗೆ.

ಎರಡು ಹೆಣ್ಣು ಮಕ್ಕಳು. ಶಾಲೆಗೆ ಹೋಗುವ ಮೊದಲು ಇಬ್ಬರಿಗೂ ಎರಡೆರಡು ಜಡೆ ಹಾಕುವುದು ಅಪ್ಪನ ಕೆಲಸವಾಗಿತ್ತು, ಯಾಕೆಂದರೆ ಅಮ್ಮ ಹಾಕಿದ ಜಡೆ ಮಧ್ಯಾಹ್ನದೊಳಗೆ ಸಡಿಲಾಗುತ್ತದೆ ಎಂದು ಮಕ್ಕಳ ದೂರು. ಪಂಪಿನ ಹಗ್ಗ ಬಿಗಿಯುವ ಕೈ ಅದು, ಸಡಿಲಾಗುವುದು ಹೇಗೆ? ಕಡಲಿನಿಂದ ಬರುವಾಗ ಬಂಗುಡೆಯೋ ಬೊಳೆಂಜಿರೋ ಮೀನು ತಂದು, ಹಿಂದಿನ ಅಂಗಳದಲ್ಲಿ ಕುಳಿತು ತಾವೇ ಹೆಚ್ಚಿ ತೊಳೆದು ಕೊಡುತ್ತಿದ್ದರು. ಅದರಲ್ಲಿ ಒಂದು ಪಾಲು ನನ್ನ ಮನೆಗೆ ಬರುತ್ತಿತ್ತು. ನಮ್ಮ ಬೀದಿಯ ಮಕ್ಕಳಿಗೆಲ್ಲ ಈಜು ಕಲಿಸಿದ್ದೂ ಅವರೇ. ಐವತ್ತು ದಾಟಿದ ನನ್ನನ್ನು ಕೂಡ ಒಂದು ಸಲ ಬೋರ್ಡಿನ ಮೇಲೆ ಬೋರಲು ಮಲಗಿಸಿ ಅಲೆಗೆ ತಳ್ಳಿದ್ದರು. ಹೊಟ್ಟೆ ತುಂಬ ಉಪ್ಪುನೀರು ಕುಡಿದು ಎದ್ದು ಬಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರು ಮರಳಿನಲ್ಲಿ ಕುಳಿತು ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕರು. ಆ ಮನುಷ್ಯನ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಿಟ್ಟು ಇಟ್ಟುಕೊಳ್ಳಲು ನನ್ನಂಥವನಿಂದಲೂ ಆಗುತ್ತಿರಲಿಲ್ಲ.

ತಂಗಿ ಕಡಲಿಗೆ ಹೋಗಬೇಡಿ ಎಂದು ಒಂದು ದಿನವೂ ಹೇಳಲಿಲ್ಲ. ಒಂದೇ ಒಂದು ಕರಾರು ಹಾಕಿದ್ದಳು. ನೀರಿನಿಂದ ಮೇಲೆ ಬಂದ ಕೂಡಲೇ ಫೋನ್ ಮಾಡಬೇಕು. ಒಂಬತ್ತು ಗಂಟೆಯ ಹೊತ್ತಿಗೆ ಫೋನ್ ಬರುತ್ತಿತ್ತು. "ಮೇಲೆ ಬಂದೆ." ಎರಡೇ ಶಬ್ದ. ಅದು ಕಿವಿಗೆ ಬೀಳುವವರೆಗೆ ಅವಳ ಗಂಟಲಿನಲ್ಲಿ ಚಹಾ ಇಳಿಯುತ್ತಿರಲಿಲ್ಲ. ಹನ್ನೆರಡು ವರ್ಷ ಪ್ರತಿ ಭಾನುವಾರ ಇದೇ. ಅಮ್ಮ ಇರುವಷ್ಟು ದಿನ ಅಮ್ಮನಿಗೂ ಇದೇ, ಹೇಳಿಕೊಳ್ಳದಿದ್ದರೂ ನನಗೂ ಇದೇ. ನಮ್ಮ ಮನೆಯ ಹೆದರಿಕೆಗಳೆಲ್ಲ ಪಡುವಣಕ್ಕೇ ಮುಖ ಮಾಡಿ ಕುಳಿತಿದ್ದವು.

ನನ್ನ ವಿಷಯವನ್ನೂ ಇಲ್ಲಿ ಹೇಳಬೇಕು. ಮೂಡುಬಿದಿರೆಯಲ್ಲಿ ಒಂದು ಕಾಲೇಜಿನ ಎದುರು ನನ್ನದು ಝೆರಾಕ್ಸ್ ಅಂಗಡಿ. ವಿದ್ಯಾರ್ಥಿಗಳು "ಅಂಕಲ್, ಇದು ಎರಡು ಬದಿಗೆ..." ಎನ್ನುವಷ್ಟರಲ್ಲಿ ನಾನು ಒಂದೇ ಬದಿಗೆ ಹತ್ತು ಪ್ರತಿ ತೆಗೆದು ಆಗಿರುತ್ತದೆ. ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ನನಗೆ ಇಲ್ಲ. ಮುಂದೆ ಏನು ಹೇಳುತ್ತಾರೆಂದು ನನಗೆ ಗೊತ್ತು ಎಂಬುದು ನನ್ನ ಅಹಂಕಾರ. ದಂಡವಾಗುವುದು ಹತ್ತು ಹಾಳೆ ತಾನೇ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ.

ಆ ಭಾನುವಾರ ಬೆಳಗ್ಗೆ ಆರು ಗಂಟೆಗೆ ಭಾವನ ಫೋನ್ ಬಂದಿತ್ತು. ನಾನು ಮಲಗಿದ್ದೆ, ತೆಗೆಯಲಿಲ್ಲ. ಎದ್ದ ಮೇಲೆ ಮಾಡುವ ಎಂದುಕೊಂಡು ಮರೆತೆ. ಒಂಬತ್ತಕ್ಕೆ ಮತ್ತೆ ಅದೇ ನಂಬರಿನಿಂದ ಬಂತು. ತೆಗೆದರೆ ಬೇರೆ ಯಾರದೋ ಗಾಬರಿಯ ಧ್ವನಿ.

"ಈ ಮೊಬೈಲಿನವರು ಬಿದ್ದಿದ್ದಾರೆ ಸರ್. ಎಚ್ಚರ ಇಲ್ಲ. ನೀವು ಅವರ ಮನೆಯವರಾ? ನಾವು ಈಗ ಅವರನ್ನು..."

"ಗೊತ್ತಾಯ್ತು, ಗೊತ್ತಾಯ್ತು. ಈಗ ಬಂದೆವು" ಎಂದು ನಾನು ಫೋನ್ ಇಟ್ಟೆ.

ಎಲ್ಲಿ ಎಂದು ಕೇಳಲಿಲ್ಲ. ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಎಲ್ಲಿ ಎಂದು ಕೇಳುವುದಕ್ಕೆ ಏನಿತ್ತು? ಹನ್ನೆರಡು ವರ್ಷದಿಂದ ಬರಬಹುದು, ಬರಬಹುದು ಎಂದುಕೊಂಡಿದ್ದ ಫೋನು ಕೊನೆಗೂ ಬಂದಿತ್ತು. ಪುನಃ ಆ ನಂಬರಿಗೆ ಮಾಡಿ ಕೇಳಬೇಕೆಂದು ಕೂಡ ತೋಚಲಿಲ್ಲ. ಕಾರಿನ ಕೀ ಹಿಡಿದು ಓಡಿದೆ. ಮೊಬೈಲು ಮೇಜಿನ ಮೇಲೆಯೇ ಉಳಿಯಿತು. ತಂಗಿಯ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ, "ಕಡಲಿನಲ್ಲಿ ಬಿದ್ದಿದ್ದಾರಂತೆ, ಹೊರಡು" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಹಾಗೆಯೇ ಬಂದು ಕಾರು ಹತ್ತಿದಳು.

ಕಿನ್ನಿಗೋಳಿ ದಾರಿಯಲ್ಲಿ ಹೇಗೆ ಗಾಡಿ ಓಡಿಸಿದೆನೋ ನನಗೆ ನೆನಪಿಲ್ಲ. ತಂಗಿ ಪಕ್ಕದಲ್ಲಿ ಕುಳಿತು ಭಾವನ ನಂಬರಿಗೆ ಒಂದರ ಹಿಂದೆ ಒಂದು ಫೋನ್ ಮಾಡುತ್ತಿದ್ದಳು. ರಿಂಗಾಗುತ್ತಿತ್ತು, ಯಾರೂ ತೆಗೆಯುತ್ತಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಅಳಿವೆಯ ಹತ್ತಿರ ತಲುಪಿದೆವು.

ಕಡಲು ಶಾಂತವಾಗಿತ್ತು. ಗುಂಪು ಇರಲಿಲ್ಲ, ಗದ್ದಲ ಇರಲಿಲ್ಲ. ಭಾವನ ಜೊತೆ ಅಲೆಗೆ ಇಳಿಯುವವರು ಮೂರು ಮಂದಿ ಮರಳಿನಲ್ಲಿ ಕುಳಿತು ಇಡ್ಲಿ ತಿನ್ನುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತು, ಖುಷಿಯಲ್ಲೇ ಕೇಳಿದರು, "ಇವತ್ತು ಏನು, ಅಕ್ಕನೂ ಬಂದ್ರು? ಅಣ್ಣ ಎಲ್ಲಿ?"

ತಂಗಿಯ ಮನೆಯ ಚಿತ್ರ ಇದ್ದಕ್ಕಿದ್ದಂತೆ ಕಣ್ಣಮುಂದೆ ಬಂತು. ಬೋರ್ಡು ಪೋರ್ಟಿಕೋದ ಗೋಡೆಗೆ ಒರಗಿಸಿ ಇತ್ತು. ಕಾರಿನ ಬಾಗಿಲು ತೆರೆಯಲು ಅಡ್ಡವಾಗುತ್ತದೆಂದು ತಂಗಿಯೇ ಅದನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ ಹತ್ತಿದ್ದಳು. ನಾನು ಅದನ್ನು ನೋಡುತ್ತಾ ಸ್ಟೇರಿಂಗ್ ಹಿಡಿದು ಕುಳಿತಿದ್ದೆ. ಇಬ್ಬರ ಕಣ್ಣಿಗೂ ಬಿದ್ದಿತ್ತು, ಇಬ್ಬರೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಭಾವನ ಫೋನನ್ನು ಯಾರೋ ಹೆಂಗಸು ತೆಗೆದಳು. ಬಾವಿಕಟ್ಟೆಯ ಮೇಲೆ ಅದು ರಿಂಗಾಗುತ್ತಲೇ ಇತ್ತಂತೆ. ಅವರ ಹೊಸಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಅವತ್ತು. ನೂರಾರು ಮಂದಿ ಬರುವ ಹೊತ್ತಿಗೆ ಪಂಪು ಕೈಕೊಟ್ಟಿತ್ತು, ಬೆಳಗ್ಗೆಯೇ ಫೋನ್ ಮಾಡಿ ಭಾವನನ್ನು ಕರೆಸಿದ್ದರು. "ಬೆಳ್ತಂಗಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಆಗ್ಲೇ ಒಂದು ಗಂಟೆ ಆಗ್ತಾ ಬಂತಲ್ಲ, ನೀವು ಇನ್ನೂ ಹೋಗ್ಲಿಲ್ವಾ?" ಎಂದಳು ಆ ಹೆಂಗಸು. ಫೋನು ಸ್ಪೀಕರಿನಲ್ಲಿತ್ತು. ಎಲ್ಲರಿಗೂ ಕೇಳಿಸಿತು.

ಬಂದ ದಾರಿಯಲ್ಲೇ ವಾಪಸು. ಮತ್ತೆ ಕಿನ್ನಿಗೋಳಿ, ಮತ್ತೆ ಮೂಡುಬಿದಿರೆ, ನಮ್ಮ ಮನೆಯ ತಿರುವನ್ನೇ ದಾಟಿ ವೇಣೂರು, ಗುರುವಾಯನಕೆರೆ. ಬೆಳ್ತಂಗಡಿ ಮುಟ್ಟುವಾಗ ಹನ್ನೊಂದು ಮುಕ್ಕಾಲು. ಭಾವ ಹನ್ನೊಂದಕ್ಕೇ ಹೋಗಿಬಿಟ್ಟಿದ್ದರು.

ಆಸ್ಪತ್ರೆಯವರು ತಮ್ಮಿಂದ ಆಗುವುದನ್ನೆಲ್ಲ ಮಾಡಿದ್ದರು. ಮಂಗಳೂರಿಗೆ ಸಾಗಿಸುವ ಸ್ಥಿತಿಯಲ್ಲಿ ಅವರು ಇರಲಿಲ್ಲವಂತೆ. ಆದರೆ ದಾರಿಯಲ್ಲೇ ಎಚ್ಚರ ಬಂದಿತ್ತು. ಮಾತಾಡಿದ್ದರು. ನರ್ಸು ಹೇಳಿದ್ದನ್ನು ನಾನು ನಿಂತು ಕೇಳಿದೆ: "ಕೊನೆಯವರೆಗೂ ಬಾಗಿಲು ನೋಡ್ತಾ ಇದ್ರು. ಅವಳು ಬಂದ್ಳಾ, ಅವಳು ಬಂದ್ಳಾ ಅಂತ." ತಂಗಿ ಹಾಸಿಗೆಯ ಪಕ್ಕ ನಿಂತು ಅವರ ಅಂಗೈ ಮುಟ್ಟಿ ನೋಡುತ್ತಿದ್ದಳು. ಅಳಲಿಲ್ಲ. ಬೆರಳಿನ ಸಂದಿನಲ್ಲಿ ಪಂಪಿನ ಗ್ರೀಸು ಇತ್ತು, ಅದನ್ನು ತನ್ನ ಸೆರಗಿನಿಂದ ಒರಸಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಮೊನ್ನೆ ಗುರುವಾರ ನನ್ನ ಅಂಗಡಿಗೆ ಬಂದು, ಕಾಲ ಮೇಲೆ ಕಾಲು ಹಾಕಿ ಕುಳಿತು, ಅರ್ಧ ಗಂಟೆ ಹರಟೆ ಹೊಡೆದು ಹೋದ ಮನುಷ್ಯ. ಇವತ್ತಿಗೂ ನನಗೆ ಇದು ಅರ್ಥವಾಗಿಲ್ಲ.

ಹೊರಗೆ ಬೆಂಚಿನಲ್ಲಿ ರಿಕ್ಷಾ ಚಾಲಕರೊಬ್ಬರು ತಲೆ ತಗ್ಗಿಸಿ ಕುಳಿತಿದ್ದರು. ಮೂವತ್ತೈದರ ಪ್ರಾಯದ ಬ್ಯಾರಿ ಮುಸ್ಲಿಂ. ಒಕ್ಕಲಿನ ಮನೆಗೆ ನೆಂಟರನ್ನು ಬಿಡಲು ಹೋದವರು, ಭಾವ ಕುಸಿದದ್ದನ್ನು ಕಂಡು ಎತ್ತಿ ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದರು. ನನಗೆ ಫೋನ್ ಮಾಡಿದವರು ಅವರೇ. ಹೊರಡುವ ಅವಸರದಲ್ಲಿ ಭಾವನ ಮೊಬೈಲು ಬಾವಿಕಟ್ಟೆಯಲ್ಲೇ ಬಿಟ್ಟುಹೋಗಿತ್ತು. ಮನೆಯವರು ಬರುವವರೆಗೆ ಒಬ್ಬರಾದರೂ ಇರಬೇಕಲ್ಲ ಎಂದು ಭಾವನ ಕೈ ಹಿಡಿದುಕೊಂಡು ಕೊನೆಯವರೆಗೂ ಕುಳಿತಿದ್ದರಂತೆ.

ಸಂಬಂಧಿಕರೆಲ್ಲ ಸೇರಿದಾಗ ಪ್ರಶ್ನೆ ಬಂದೇ ಬಂತು. ಯಾಕೆ ಕಡಲಿಗೆ ಹೋದಿರಿ? "ಫೋನ್ ಮಾಡಿದವನು ಹಾಗೆ ಹೇಳಿದ" ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಂದ ಜಾರಿ ಬಂತು. ಆದರೆ ಬಂದ ಮೇಲೆ ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಂಗಿ ಕೇಳಿಸಿಕೊಂಡು ಸುಮ್ಮನಿದ್ದಳು. ಅವಳೂ ನಂಬಿದಳು ಎಂದುಕೊಂಡೆ.

ಹದಿಮೂರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಆ ರಿಕ್ಷಾದವರು ಯಾರೂ ಕರೆಯದೆ ಬಂದರು. ಭಾವನ ಫೋಟೋದ ಎದುರು ನಿಂತು, ಮಕ್ಕಳ ತಲೆ ಸವರಿ, ಬಾಗಿಲ ಬದಿಯಲ್ಲಿ ಕುಳಿತರು. ನಮ್ಮ ಮಾವ ಒಬ್ಬರು ಇದ್ದಾರೆ, ಬಾಯಿ ದೊಡ್ಡದು. ಎಲ್ಲರ ಎದುರು ಕೇಳಿಯೇಬಿಟ್ಟರು: "ನೀವು ಒಂದು ಮಾತು ಸರಿಯಾಗಿ ಹೇಳಿದ್ದಿದ್ರೆ ಇವಳಿಗೆ ಗಂಡನ ಮುಖ ಜೀವ ಇರುವಾಗ ನೋಡ್ಲಿಕ್ಕೆ ಸಿಗ್ತಿತ್ತು. ಕಡಲು ಅಂತ ಯಾಕೆ ಹೇಳಿದ್ದು ನೀವು?"

ಆ ಮನುಷ್ಯ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಅವರು, "ಗಡಿಬಿಡಿಯಲ್ಲಿ ಎಂತ ಹೇಳಿದೆನೋ ನನಗೂ ನೆನಪಿಲ್ಲ. ತಪ್ಪಾಗಿದ್ರೆ ಕ್ಷಮಿಸಿ" ಎಂದರು. ಅವರಿಗೆ ಚೆನ್ನಾಗಿ ನೆನಪಿತ್ತು. ಊಟಕ್ಕೆ ನಿಲ್ಲದೆ ಹೊರಟರು. ಗೇಟಿನವರೆಗೆ ಹೋಗುವ ಮುಖವೂ ನನಗಿರಲಿಲ್ಲ.

ಹನ್ನೊಂದು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಹೇಳಿದರೆ ತಂಗಿ ನನ್ನ ಮುಖ ನೋಡಲಿಕ್ಕಿಲ್ಲ ಎಂಬ ಹೆದರಿಕೆ. ಅಪ್ಪ ಅಮ್ಮ ಇಬ್ಬರೂ ಇಲ್ಲ, ಈಗ ಭಾವನೂ ಇಲ್ಲ. ಅವಳಿಗೆ ನಾನು, ನನಗೆ ಅವಳು. ಅದೂ ಕೈಬಿಟ್ಟುಹೋದರೆ ಏನು ಮಾಡಲಿ ಎಂದು ದಿನ ದೂಡಿದೆ.

ಕಳೆದ ತಿಂಗಳು, ವರ್ಷಾಂತಿಕಕ್ಕೆ ಯಾರನ್ನೆಲ್ಲ ಕರೆಯಬೇಕೆಂದು ತಂಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆಯುತ್ತಿದ್ದಳು. ಮಧ್ಯಾಹ್ನ, ಮಕ್ಕಳು ಶಾಲೆಗೆ ಹೋಗಿದ್ದರು. "ಆ ರಿಕ್ಷಾದವರನ್ನೂ ಕರೀಬೇಕು ಅಣ್ಣ" ಎಂದಳು. "ಯಾರು ಎಂತ ಬೇಕಾದ್ರೂ ಹೇಳಲಿ, ಕೊನೆಗೆ ಅವರ ಕೈ ಹಿಡ್ದು ಕೂತದ್ದು ಆ ಮನುಷ್ಯ."

ಇನ್ನು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಅವರು ಕಡಲು ಅನ್ನಲೇ ಇಲ್ಲ, ಎಲ್ಲಿ ಎಂದು ಹೇಳುವುದಕ್ಕೂ ನಾನು ಬಿಡಲಿಲ್ಲ, ಕಡಲು ಎಂದದ್ದು ನಾನು, ಆಮೇಲೆ ಅದನ್ನು ಅವರ ತಲೆಗೆ ಕಟ್ಟಿದ್ದೂ ನಾನು. ಹೇಳುತ್ತಾ ಹೇಳುತ್ತಾ ನಾಚಿಕೆಯಿಲ್ಲದೆ ಅತ್ತೆ.

ತಂಗಿ ಪೆನ್ನು ಕೆಳಗಿಟ್ಟಳು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ.

"ನನಗೆ ಗೊತ್ತಿತ್ತು" ಎಂದಳು.

ನಾನು ಸುಳ್ಳು ಹೇಳಿದ್ದು ಗೊತ್ತಿತ್ತು ಎನ್ನುತ್ತಿದ್ದಾಳೆ ಎಂದು ತಿಳಿದೆ. ಅವಳು ತಲೆಯಲ್ಲಾಡಿಸಿದಳು.

"ಅದಲ್ಲ ಅಣ್ಣ. ಅವರು ಬೆಳ್ತಂಗಡಿ ದಾಟಿ ಚಾರ್ಮಾಡಿ ಕಡೆ ಹೋದದ್ದು ನನಗೆ ಗೊತ್ತಿತ್ತು. ನನ್ನತ್ರ ಹೇಳಿಯೇ ಹೋದದ್ದು. ನಿನ್ನನ್ನೂ ಕರೀತೇನೆ ಅಂತ ಬೆಳಿಗ್ಗೆ ಫೋನ್ ಮಾಡಿದ್ರು, ನೀನು ತೆಗೀಲಿಲ್ಲ. ಈ ಭಾನುವಾರ ಕಡಲಿಲ್ಲ ಅಂತ ನಾನು ಏಳು ಗಂಟೆಗೇ ನೆಮ್ಮದಿಯಲ್ಲಿ ಚಾ ಕುಡ್ದಿದ್ದೆ. ನೀನು ಬಂದು ಕಡಲು ಅಂದಿ. ನನಗೆ ಆ ಹೊತ್ತಿಗೆ ಬೇರೆ ಎಂತದೂ ನೆನಪೇ ಆಗ್ಲಿಲ್ಲ. ಆ ಬೀಚಿನಲ್ಲಿ ನಿಂತಾಗ ನೆನಪಾಯ್ತು. ಬೆಳಿಗ್ಗೆ ಹೇಳಿ ಹೋದ ಗಂಡ ಎಲ್ಲಿ ಹೋಗಿದ್ದಾರೆ ಅಂತ ಮರೆಯುವ ಹೆಂಡತಿ ಎಲ್ಲಿಯಾದ್ರೂ ಉಂಟಾ? ಇದನ್ನು ನಾನು ಯಾರತ್ರ ಹೇಳಲಿ?"

ಐದು ನಿಮಿಷದ ದೂರದ ಎರಡು ಮನೆಗಳಲ್ಲಿ, ದಿನಾ ಒಬ್ಬರ ಮುಖ ಒಬ್ಬರು ನೋಡುತ್ತಾ, ಹನ್ನೊಂದು ತಿಂಗಳು ಇಬ್ಬರೂ ಇದನ್ನೇ ಹೊತ್ತುಕೊಂಡಿದ್ದೆವು. ನಮ್ಮಿಬ್ಬರ ತಪ್ಪನ್ನು ಆ ರಿಕ್ಷಾದವರು ಹೊತ್ತುಕೊಂಡಿದ್ದರು.

"ಅವರಿಗೆ ಫೋನಿನಲ್ಲಿ ಹೇಳುವುದು ಬೇಡ" ಎಂದಳು ತಂಗಿ. "ನಾಳೆ ಇಬ್ಬರೂ ಹೋಗುವ."

ಅದೇ ಚಾರ್ಮಾಡಿ ದಾರಿಯಲ್ಲಿರುವ ಆ ರಿಕ್ಷಾದವರ ಮನೆಗೆ ಬರುತ್ತೇವೆಂದಷ್ಟೇ ತಿಳಿಸಿ, ಮರುದಿನ ಬೆಳಗ್ಗೆ ಹೊರಟೆವು. ತಂಗಿ ಮುಂದಿನ ಸೀಟಿನಲ್ಲಿ, ಮೊಬೈಲನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡು ಕುಳಿತಿದ್ದಳು. ವೇಣೂರಿನಲ್ಲಿ ಚಹಾ ಕುಡಿಯುವ ಎಂದೆ. ಬೇಡ, ಎಲ್ಲಿಯೂ ನಿಲ್ಲಿಸಬೇಡ ಎಂದಳು. ಬೆಳ್ತಂಗಡಿಯಲ್ಲಿ ಆ ಆಸ್ಪತ್ರೆ ರಸ್ತೆಯ ಬದಿಗೇ ಸಿಗುತ್ತದೆ. ಅದರ ಗೇಟಿನ ಎದುರು ಬಂದಾಗ, "ಸ್ವಲ್ಪ ನಿಲ್ಸು" ಎಂದಳು. ಇಳಿಯುತ್ತಾಳೆ ಎಂದುಕೊಂಡೆ. ಇಳಿಯಲಿಲ್ಲ. ಮೊಬೈಲು ತಿರುಗಿಸಿ ಗಂಟೆ ನೋಡಿದಳು.

"ಐವತ್ತೆಂಟು ನಿಮಿಷ" ಎಂದಳು.

ಮನೆ ಬಿಡುವಾಗಲೇ ಅವಳು ಗಂಟೆ ನೋಡಿ ಇಟ್ಟುಕೊಂಡಿದ್ದಳು. ನಾನು ಸ್ಟೇರಿಂಗ್ ಹಿಡಿದುಕೊಂಡು ಕುಳಿತೇ ಇದ್ದೆ. ಒಂಬತ್ತಕ್ಕೆ ಫೋನು, ಹನ್ನೊಂದಕ್ಕೆ ಭಾವನ ಕೊನೆಯುಸಿರು. ಲೆಕ್ಕ ಹಾಕುವುದಕ್ಕೆ ಏನೂ ಉಳಿದಿರಲಿಲ್ಲ.

"ಸಿಗ್ತಿದ್ರು ಅಣ್ಣ" ಎಂದಳು. "ಒಂದು ಗಂಟೆ ಮಾತಾಡ್ಲಿಕ್ಕೆ ಸಿಗ್ತಿದ್ರು."

ಹಿಂದಿನಿಂದ ಧರ್ಮಸ್ಥಳದ ಬಸ್ಸು ಹಾರ್ನ್ ಹಾಕಿತು. ಅವಳು ಸೆರಗಿನಿಂದ ಮುಖ ಒರಸಿಕೊಂಡು, "ಗಾಡಿ ಬಿಡು. ಅವರು ಕಾಯ್ತಾ ಇರ್ತಾರೆ" ಎಂದಳು.